ಲಾಡ್ಜ್ ಕೀ ಕಾರ್ಡ್ ಸಂಜೆಯೊಳಗೆ ಸತ್ತುಹೋಗುತ್ತೆ, ತಡೆಯೋದು ಹೇಗೆ?

ಪ್ರಶ್ನೆ:
ರೂಮಿನ ಬಾಗಿಲಿಗೆ ಉಜ್ಜುವ ಮ್ಯಾಗ್ನೆಟಿಕ್ ಪಟ್ಟಿಯ ಕಾರ್ಡ್, ಪಟ್ಟಿ ಕಂದು ಬಣ್ಣದ್ದು. ಬೆಳಿಗ್ಗೆ ಬರೆದುಕೊಟ್ಟದ್ದು ಸಂಜೆ ಓದಲ್ಲ. ಅದೇ ಪರ್ಸಿನ ಎಟಿಎಂ ಕಾರ್ಡಿಗೆ ಏನೂ ಆಗಿರಲ್ಲ. ಅಲ್ಯುಮಿನಿಯಂ ಫಾಯಿಲ್ ಕವರಿನಲ್ಲಿ ಹಾಕಿಕೊಟ್ಟರೂ ಅಷ್ಟೇ.

ಉತ್ತರ 1:
ಕಂದು ಪಟ್ಟಿ ಸಾಮಾನ್ಯವಾಗಿ ಲೋ-ಕೋ, ಅಂದರೆ ಬರಹ ಸುಲಭವಾಗಿ ಅಳಿಯುವಂಥದ್ದು, 300 ಓರ್ಸ್ಟೆಡ್ (ಅಳಿಸಲು ಬೇಕಾದ ಆಯಸ್ಕಾಂತ ಬಲದ ಅಳತೆ) ಆಸುಪಾಸು. ಬ್ಯಾಂಕ್ ಕಾರ್ಡಿನ ಕಪ್ಪು ಪಟ್ಟಿ ಹೈ-ಕೋ, ಅಂದರೆ ಸುಲಭಕ್ಕೆ ಅಳಿಯದ್ದು, 2750ರಿಂದ 4000. ಜೊತೆಗೆ ಅದರಲ್ಲಿ ಚಿಪ್ ಇರುತ್ತೆ, ಚಿಪ್‌ಗೆ ಆಯಸ್ಕಾಂತದ ಭಯವಿಲ್ಲ. ಫಾಯಿಲ್ ತಡೆಯೋದು ರೇಡಿಯೋ ತರಂಗವನ್ನ. ಆಯಸ್ಕಾಂತದ ಬಲ ಅದರೊಳಗೆ ಸಲೀಸಾಗಿ ಹಾಯುತ್ತೆ.

ಕಾರಣ ಹೆಚ್ಚಾಗಿ ಮೊಬೈಲ್ ಫ್ಲಿಪ್ ಕವರಿನ ಮುಚ್ಚಳ, ಫೋನಿನ ಬೆನ್ನಿಗೆ ಅಂಟುವ ಚಾರ್ಜರ್ ಉಂಗುರ, ಹ್ಯಾಂಡ್‌ಬ್ಯಾಗಿನ ಟಿಕ್ ಬಟನ್. ಇವುಗಳಲ್ಲಿ ನಿಯೋಡಿಮಿಯಂ ಅನ್ನೋ ಬಲವಾದ ಆಯಸ್ಕಾಂತ ಇದ್ದರೆ ಕಾರ್ಡ್ ತಾಗಿದರೆ ಸಾಕು. ಪೂರ್ತಿ ಅಳಿಯಬೇಕಂತಲೂ ಇಲ್ಲ. ಪ್ರತಿ ಅಕ್ಷರಕ್ಕೂ ತಪ್ಪು ಹಿಡಿಯೋಕೆ ಪ್ಯಾರಿಟಿ ಅನ್ನೋ ಒಂದು ಹೆಚ್ಚುವರಿ ಬಿಟ್ ಇರುತ್ತೆ, ಒಂದು ಬಿಟ್ ಕೆಟ್ಟರೂ ಲೆಕ್ಕ ತಾಳೆಯಾಗದೆ ರೀಡರ್ ಇಡೀ ಸಾಲನ್ನೇ ತಿರಸ್ಕರಿಸುತ್ತೆ.

ಬಲ ದೂರಕ್ಕೆ ಬೇಗ ಕುಗ್ಗುತ್ತೆ: ಸಣ್ಣ ಆಯಸ್ಕಾಂತದಿಂದ ತುಸು ಆಚೆಗೆ ಹೋದರೆ, ದೂರ ಎರಡರಷ್ಟಾದಾಗ ಬಲ ಸುಮಾರು ಎಂಟರಲ್ಲೊಂದು ಭಾಗ. ಹಾಗಾಗಿ "ಮೊಬೈಲ್ ಜೊತೆ ಇಡಬೇಡಿ, ಬೇರೆ ಜೇಬಿನಲ್ಲಿಡಿ" ಅಂತ ಕವರ್ ಮೇಲೆ ದಪ್ಪಕ್ಷರದಲ್ಲಿ ಅಚ್ಚು ಹಾಕಿಸಿ. ಫಾಯಿಲ್‌ಗಿಂತ ಇದೇ ಮೇಲು.

ಉತ್ತರ 2:
ಕಾರ್ಡನ್ನೇ ದೂರುವ ಮೊದಲು ಬೀಗ ನೋಡಿ. ಒಂದೇ ಬಾಗಿಲಲ್ಲಿ ಎಲ್ಲಾ ಕಾರ್ಡೂ ತಕರಾರು ಮಾಡಿದರೆ ರೀಡರ್ ಹೆಡ್ ಕೊಳೆಯಾಗಿದೆ, ಇಲ್ಲವೇ ಬ್ಯಾಟರಿ ಇಳಿದಿದೆ. ಐಸೊಪ್ರೊಪೈಲ್ ಆಲ್ಕೋಹಾಲ್ ಇರುವ ಕ್ಲೀನಿಂಗ್ ಕಾರ್ಡನ್ನು ನಾಲ್ಕೈದು ಸಲ ಎಳೆಯಿರಿ. ಚೆಕ್-ಔಟ್ ಸಮಯ ತಪ್ಪಾಗಿ ಬರೆದಿದ್ದರೂ ಕಾರ್ಡ್ ಸತ್ತಂತೆಯೇ ಕಾಣುತ್ತೆ. ಕಾರ್ಡ್ ಬರೆಯುವ ಯಂತ್ರದಲ್ಲೇ (ಎನ್‌ಕೋಡರ್) ಓದಿಸಿ, ಡೇಟಾ ಸರಿಯಾಗಿ ಬಂದರೆ ಪಟ್ಟಿ ಚೆನ್ನಾಗಿದೆ ಅಂತ ಅರ್ಥ.

ಪ್ರಶ್ನೆ ಕೇಳಿದವರು:
ಓದಿಸಿದರೆ ಎರರ್ ಬರುತ್ತೆ. ಬೀಗ ಬದಲಿಸದೆ ಹೈ-ಕೋ ಕಾರ್ಡ್ ಹಾಕಬಹುದಾ ಸರ್?

ಉತ್ತರ 1:
ಖಂಡಿತ. ಓದುವ ಹೆಡ್‌ಗೆ ಲೋ, ಹೈ ಅನ್ನೋ ಭೇದವಿಲ್ಲ. ಬರೆಯುವ ಎನ್‌ಕೋಡರಿಗೆ ಮಾತ್ರ ಹೈ-ಕೋ ಶಕ್ತಿ ಬೇಕು, ಸೆಟ್ಟಿಂಗಿನಲ್ಲೂ ಹೈ-ಕೋ ಆರಿಸಬೇಕು. ಲೋ-ಕೋ ಕರೆಂಟಿನಲ್ಲಿ ಹೈ-ಕೋ ಪಟ್ಟಿಗೆ ಬರೆದರೆ ಬರಹ ಅರೆಬರೆ ನಿಲ್ಲುತ್ತೆ, ಈಗಿನ ಗೋಳೇ ಮತ್ತೆ. ಹತ್ತು ಕಾರ್ಡ್ ಮಾತ್ರ ತರಿಸಿ, ಬರೆದು, ಎಲ್ಲಾ ಬಾಗಿಲಲ್ಲೂ ಉಜ್ಜಿ ನೋಡಿ, ಆಮೇಲೆ ದೊಡ್ಡ ಆರ್ಡರ್ ಕೊಡಿ. ಸತ್ತ ಹಳೇ ಕಾರ್ಡ್ ಎಸೆಯಬೇಡಿ, ಪಟ್ಟಿ ಗೀರಿಲ್ಲದಿದ್ದರೆ ಮತ್ತೆ ಬರೆಯಬಹುದು.