ಥರ್ಮಲ್ ಪಕ್ಕದ ಊರಿನ ಬೋರ್‌ವೆಲ್ ನೀರು, ಹಾರುಬೂದಿ: ಮಕ್ಕಳನ್ನು ರಜೆಗೆ ಕಳಿಸಬಹುದಾ?

ಯಲಹಂಕ_ಅಮ್ಮ
ಎಲ್ಲರಿಗೂ ನಮಸ್ಕಾರ. ನನ್ನ ತವರು ಉತ್ತರ ಕರ್ನಾಟಕದ ಒಂದು ಹಳ್ಳಿ. ಪಕ್ಕದಲ್ಲೇ ಕಲ್ಲಿದ್ದಲು ಸುಡುವ ಥರ್ಮಲ್ ಇದೆ (ಹೆಸರು ಬೇಡ), ಅದರ ಬೂದಿ ಹೊಂಡವೂ ಇದೆ. ಬೇಸಿಗೆಯಲ್ಲಿ ಗಾಳಿ ಎದ್ದರೆ ಒಣಗಲು ಹಾಕಿದ ಬಟ್ಟೆ, ಮಾಳಿಗೆ ಮೇಲಿನ ಹಪ್ಪಳ, ತುಳಸಿ ಎಲೆ ಎಲ್ಲದರ ಮೇಲೂ ಬೂದು ಪುಡಿ ಕೂರುತ್ತದೆ, ಮುಟ್ಟಿದರೆ ಮುಖದ ಪೌಡರ್ ಹಾಗೆ ನುಣ್ಣಗೆ. ಕುಡಿಯೋಕೆ ಬೋರ್‌ವೆಲ್ ನೀರು, ಅಮ್ಮ ಚೆನ್ನಾಗಿ ಕುದಿಸಿ ಆರಿಸಿ ಕೊಡುತ್ತಾರೆ. ಆ ಬೂದಿಯಲ್ಲಿ ಸೀಸ, ಆರ್ಸೆನಿಕ್, ಪಾದರಸ ಇರುತ್ತೆ ಅಂತ ಓದಿದ ಮೇಲೆ ನಿದ್ದೆ ಬರುತ್ತಿಲ್ಲ. ಮಗಳಿಗಿನ್ನೂ ನಾಲ್ಕು ವರ್ಷ. ಕಳಿಸಬಹುದಾ? ಹಾಗೇ ಇಲ್ಲಿ ಯಲಹಂಕದಲ್ಲೂ ಒಂದು ವಿದ್ಯುತ್ ಸ್ಥಾವರ ಇದೆಯಲ್ಲ, ಅದರಿಂದಲೂ ಇದೇ ತೊಂದರೆನಾ?

ಬಾಯ್ಲರ್_ರಿಟೈರ್ಡ್
ಮೊದಲು ಯಲಹಂಕದ್ದು ಹೇಳಿಬಿಡುತ್ತೇನೆ ಮೇಡಂ. ಅದು 370 ಮೆಗಾವ್ಯಾಟ್‌ನ ಗ್ಯಾಸ್ ಸ್ಥಾವರ. ಗ್ಯಾಸ್ ಸುಟ್ಟರೆ ಬೂದಿಯೇ ಬರುವುದಿಲ್ಲ. ಅಲ್ಲಿ ನೋಡಬೇಕಾದ್ದು ನೈಟ್ರೋಜನ್ ಆಕ್ಸೈಡ್, ಸೀಸ ಆರ್ಸೆನಿಕ್ ಅಲ್ಲ.

ಊರಿನದು ಬೇರೆ ಕಥೆ. ನಮ್ಮ ದೇಶದ ಕಲ್ಲಿದ್ದಲಿನಲ್ಲಿ ಸಾಮಾನ್ಯವಾಗಿ ನೂರಕ್ಕೆ 30ರಿಂದ 45 ಭಾಗ ಬೂದಿಯೇ. ಕಲ್ಲಿದ್ದಲು ಉರಿದು ಹೋದರೂ ಅದರಲ್ಲಿದ್ದ ಲೋಹ ಉರಿಯುವುದಿಲ್ಲ, ಬೂದಿಯಲ್ಲೇ ಉಳಿದು ದಟ್ಟವಾಗುತ್ತದೆ. ಪಾದರಸ ಮಾತ್ರ ಆವಿಯಾಗಿ ಬಹಳಷ್ಟು ಚಿಮಣಿಯಿಂದ ಹೋಗುತ್ತದೆ. ಇಎಸ್‌ಪಿ (ಹೊಗೆಯಲ್ಲಿನ ಬೂದಿಯನ್ನು ವಿದ್ಯುತ್‌ನಿಂದ ಹಿಡಿಯುವ ಯಂತ್ರ) ಸರಿಯಾಗಿ ಓಡುತ್ತಿದ್ದರೆ ಹಾರುಬೂದಿಯ ಬಹುಪಾಲು ಅಲ್ಲೇ ಸಿಕ್ಕಿಬೀಳುತ್ತದೆ. ಆಮೇಲೆ ನೀರಲ್ಲಿ ಕಲಸಿ ಪೈಪಲ್ಲಿ ಹೊಂಡಕ್ಕೆ ಬಿಡುತ್ತಾರೆ, ನಿಜವಾದ ತಲೆನೋವು ಶುರುವಾಗುವುದೇ ಇಲ್ಲಿ. ಹೊಂಡದ ತಳಕ್ಕೆ ಲೈನರ್ (ನೀರು ಇಂಗದಂತೆ ಹಾಸುವ ಪದರ) ಹಾಕದಿದ್ದರೆ ಲೋಹ ನಿಧಾನಕ್ಕೆ ಅಂತರ್ಜಲಕ್ಕೆ ಇಳಿಯಬಹುದು, ಮೇಲ್ಮೈ ಒಣಗಿದರೆ ಗಾಳಿಗೆ ಹಾರುತ್ತದೆ. ನಿಮ್ಮ ತುಳಸಿ ಮೇಲೆ ಕೂತಿರುವುದು ಬಹುಶಃ ಚಿಮಣಿಯದ್ದಕ್ಕಿಂತ ಹೊಂಡದ್ದೇ ಜಾಸ್ತಿ.

ನೀರು_ಪರೀಕ್ಷೆ
ಅಕ್ಕ, ಕುದಿಸುವ ವಿಷಯ. ಕುದಿಸಿದರೆ ರೋಗಾಣು ಸಾಯುತ್ತವೆ, ಲೋಹ ಹೋಗುವುದಿಲ್ಲ. ನೀರು ಆವಿಯಾದಷ್ಟೂ ಉಳಿದ ನೀರಲ್ಲಿ ಅದರ ಪ್ರಮಾಣ ಹೆಚ್ಚೇ ಆಗುತ್ತದೆ. ಟಿಡಿಎಸ್ ಮೀಟರ್ (ನೀರಲ್ಲಿ ಕರಗಿದ ಒಟ್ಟು ಲವಣ ಅಂದಾಜು ಮಾಡುವ ಸಾಧನ) ಅದ್ದಿ ನೋಡಿ ಸಮಾಧಾನ ಪಟ್ಟುಕೊಳ್ಳಬೇಡಿ, ಅದಕ್ಕೆ ಆರ್ಸೆನಿಕ್ ಯಾವುದು ಉಪ್ಪು ಯಾವುದು ಗೊತ್ತಾಗಲ್ಲ.

ಬೆಂಗಳೂರಲ್ಲಿ ಎನ್‌ಎಬಿಎಲ್ (ಲ್ಯಾಬ್‌ಗಳಿಗೆ ಮಾನ್ಯತೆ ಕೊಡುವ ರಾಷ್ಟ್ರೀಯ ಮಂಡಳಿ) ಮಾನ್ಯತೆ ಇರುವ ಲ್ಯಾಬ್‌ಗಳು ಸಾಕಷ್ಟಿವೆ. ಬಾಟಲಿ ಅವರಿಂದಲೇ ಇಸಕೊಳ್ಳಿ, ಲೋಹದ ಪರೀಕ್ಷೆಗೆ ಆಸಿಡ್ ಹಾಕಿದ ಬೇರೆ ಬಾಟಲಿ ಕೊಡುತ್ತಾರೆ. ಸುಮ್ನೆ 'ವಾಟರ್ ಟೆಸ್ಟ್' ಅಂದರೆ ಪಿಎಚ್, ಗಡಸುತನ ನೋಡಿ ಕಳಿಸುತ್ತಾರೆ. ಆರ್ಸೆನಿಕ್, ಸೀಸ, ಕ್ಯಾಡ್ಮಿಯಂ, ಪಾದರಸ, ಕ್ರೋಮಿಯಂ, ಸೆಲೆನಿಯಂ ಅಂತ ಹೆಸರು ಹೇಳಿಯೇ ಕೇಳಿ, ಫ್ಲೋರೈಡ್ ಕೂಡ ಸೇರಿಸಿ. ಐಎಸ್ 10500 (ಕುಡಿಯುವ ನೀರಿನ ಭಾರತೀಯ ಮಾನದಂಡ) ಪ್ರಕಾರ ಲೀಟರಿಗೆ ಆರ್ಸೆನಿಕ್ 0.01 ಮಿಲಿಗ್ರಾಂ, ಸೀಸ 0.01, ಕ್ಯಾಡ್ಮಿಯಂ 0.003, ಪಾದರಸ 0.001 ಮೀರಬಾರದು. ಒಂದು ಮಾತು, ಆ ಕಡೆ ಕೆಲವು ಜಾಗಗಳಲ್ಲಿ ಆರ್ಸೆನಿಕ್, ಫ್ಲೋರೈಡ್ ಎರಡೂ ನೆಲದ ಕಲ್ಲಿನಿಂದಲೇ ಬರುತ್ತವೆ. ಹಾಗಾಗಿ ಹೊಂಡದಿಂದ ದೂರ ಇರುವ ಇನ್ನೊಂದು ಬೋರ್‌ವೆಲ್ ನೀರನ್ನೂ ಜೊತೆಗೆ ಕೊಡಿ, ಆಗ ಹೋಲಿಸಿ ನೋಡಬಹುದು.

ಮಕ್ಕಳ_ಡಾಕ್ಟರ್_ಬೆಂ
ಮಕ್ಕಳಿಗೆ ಸೀಸದ ವಿಷಯದಲ್ಲಿ 'ಇಷ್ಟಿದ್ದರೆ ಪರವಾಗಿಲ್ಲ' ಅನ್ನುವ ಮಟ್ಟವೇ ಇಲ್ಲ. ಅಮೆರಿಕದ ಸರ್ಕಾರಿ ಆರೋಗ್ಯ ಸಂಸ್ಥೆ ಸಿಡಿಸಿ 2021ರಲ್ಲಿ ಮಕ್ಕಳ ರಕ್ತದ ಎಚ್ಚರಿಕೆ ಮಟ್ಟವನ್ನು ಡೆಸಿಲೀಟರಿಗೆ 3.5 ಮೈಕ್ರೋಗ್ರಾಂಗೆ ಇಳಿಸಿತು. ನಾಲ್ಕು ವರ್ಷದ ಮಗು ನೆಲದಲ್ಲಿ ಆಡಿ ಕೈ ಬಾಯಿಗೆ ಹಾಕುತ್ತದೆ, ಧೂಳು ಹೊಟ್ಟೆಗೆ ಹೋಗುವುದು ಹೀಗೇ. ಕಬ್ಬಿಣದ ಅಂಶ ಕಡಿಮೆ ಇರುವ ಮಗುವಿನ ಮೈ ಸೀಸವನ್ನು ಇನ್ನೂ ಜಾಸ್ತಿ ಹೀರುತ್ತದೆ, ಹಿಮೋಗ್ಲೋಬಿನ್ ನೋಡಿಸಿ.

ಆದರೆ ನನಗೆ ನಿಮ್ಮ ಅಪ್ಪ ಅಮ್ಮನ ಚಿಂತೆಯೇ ಹೆಚ್ಚು. ಮಕ್ಕಳು ರಜೆ ಮುಗಿಸಿ ವಾಪಸ್ ಬರುತ್ತಾರೆ, ಅವರು ವರ್ಷಪೂರ್ತಿ ಅದೇ ನೀರು ಕುಡಿಯುತ್ತಾರಲ್ವಾ. ಆರ್ಸೆನಿಕ್ ತೊಂದರೆ ವರ್ಷಗಟ್ಟಲೆ ಕುಡಿದ ಮೇಲೆ ಕಾಣಿಸುತ್ತದೆ: ಅಂಗೈ ಅಂಗಾಲು ಗಂಟುಗಂಟಾಗಿ ಗಟ್ಟಿಯಾಗುವುದು, ಎದೆ ಬೆನ್ನ ಮೇಲೆ ಮಳೆಹನಿ ಬಿದ್ದಂಥ ಕಪ್ಪು-ಬಿಳಿ ಚುಕ್ಕೆ. ಮುಂದೆ ಚರ್ಮ, ಶ್ವಾಸಕೋಶ, ಮೂತ್ರಕೋಶದ ಕ್ಯಾನ್ಸರ್‌ಗೂ ದಾರಿ. ಕ್ಯಾಡ್ಮಿಯಂ ಕಿಡ್ನಿಗೆ ಹೊಡೆಯುತ್ತದೆ. ಇಬ್ಬರ ಕೈಕಾಲು ನೀವೇ ಒಮ್ಮೆ ಬೆಳಕಲ್ಲಿ ಹಿಡಿದು ನೋಡಿ, ಕ್ರಿಯಾಟಿನಿನ್ (ಕಿಡ್ನಿ ಹೇಗಿದೆ ಅಂತ ನೋಡುವ ರಕ್ತ ಪರೀಕ್ಷೆ) ಮಾಡಿಸಿ. 'ಡಿಟಾಕ್ಸ್' ಪುಡಿ ದಯವಿಟ್ಟು ಯಾರಿಗೂ ಕೊಡಬೇಡಿ.

ಯಲಹಂಕ_ಅಮ್ಮ
ತುಂಬಾ ಥ್ಯಾಂಕ್ಸ್. ಅಪ್ಪನ ಅಂಗಾಲು ಗಟ್ಟಿಯಾಗಿರುವುದು ಗದ್ದೆ ಕೆಲಸದಿಂದ ಅಂದುಕೊಂಡಿದ್ದೆವು. ಅಣ್ಣನಿಗೆ ಫೋನ್ ಮಾಡಿದೆ, ಎರಡೂ ಬೋರ್‌ವೆಲ್ ನೀರು ತರುತ್ತಾನೆ. ರಿಪೋರ್ಟ್ ಬರುವವರೆಗೆ ಮಕ್ಕಳನ್ನು ಕಳಿಸಲ್ಲ, ಅಪ್ಪ ಅಮ್ಮನನ್ನೇ ಇಲ್ಲಿಗೆ ಕರೆಸುತ್ತೇನೆ. ಆಮೇಲೆ ಆರ್‌ಒ ಹಾಕಿಸಿದರೆ ಸಾಕಾಗುತ್ತಾ?

ನೀರು_ಪರೀಕ್ಷೆ
ಆರ್‌ಒ ಇವುಗಳಲ್ಲಿ ಬಹುಪಾಲನ್ನು ತೆಗೆಯುತ್ತದೆ, ಆದರೆ ಮೆಂಬ್ರೇನ್ (ನೀರು ಶೋಧಿಸುವ ಪೊರೆ) ಹೊತ್ತಿಗೆ ಸರಿಯಾಗಿ ಬದಲಿಸಬೇಕು. ಹಾಕಿಸಿದ ಮೇಲೆ ಅದರಿಂದ ಬಂದ ನೀರನ್ನೂ ಇನ್ನೊಮ್ಮೆ ಲ್ಯಾಬ್‌ಗೆ ಕೊಡಿ. ಅಡುಗೆಗೂ ಅದೇ ನೀರು ಬಳಸಿ, ಅನ್ನ ಬೇಯುವಾಗ ಆರ್ಸೆನಿಕ್ ಅಕ್ಕಿಯೊಳಗೆ ಹೋಗುತ್ತದೆ. ರಿಪೋರ್ಟ್ ಬಂದರೆ ಇಲ್ಲೇ ಹಾಕಿ, ಒಟ್ಟಿಗೆ ಓದೋಣ. ಲೆಕ್ಕ ಮೀರಿದ್ದರೆ ಅದೇ ರಿಪೋರ್ಟ್ ಇಟ್ಟುಕೊಂಡು ಪಂಚಾಯಿತಿಗೂ ಮಾಲಿನ್ಯ ನಿಯಂತ್ರಣ ಮಂಡಳಿಗೂ ಬರೆಯಬೇಕು, ಅರ್ಜಿ ಬರೆಯೋಕೆ ನಾನು ಸಹಾಯ ಮಾಡುತ್ತೇನೆ.