ಕನ್ನಡ ಫೈಲುಗಳನ್ನು ಕುಗ್ಗಿಸುವ ಸಿ ಪ್ರೋಗ್ರಾಂ: ಎಲ್ಲ ಕಡೆ ಕಂಪೈಲ್ ಆಗುತ್ತದೆ, ಆದರೆ ಎಲ್ಲ ಕಡೆ ಕೆಲಸ ಮಾಡುವುದಿಲ್ಲ

ಪ್ರಶ್ನೆ: ಡಿಪ್ಲೊಮಾ ವಿದ್ಯಾರ್ಥಿ, ಶಿಡ್ಲಘಟ್ಟ

ಎಲ್ಲರಿಗೂ ನಮಸ್ಕಾರ. ನಮ್ಮ ಸೋದರಮಾವ ರೇಷ್ಮೆ ರೀಲರ್. ಗೂಡಿನ ಮಾರುಕಟ್ಟೆಯಲ್ಲಿ ಯಾವ ಲಾಟು ಎಷ್ಟು ದರಕ್ಕೆ ಹೋಯಿತು ಎಂಬುದನ್ನು ಪ್ರತಿದಿನ ಕನ್ನಡದಲ್ಲಿಯೇ ಟೈಪ್ ಮಾಡಿ, ಊರಿಗೊಂದು ಫೈಲಿನಂತೆ ಇಟ್ಟುಕೊಳ್ಳುತ್ತಾರೆ. ಆ ಫೈಲುಗಳನ್ನು ಕುಗ್ಗಿಸಿಡಲೆಂದು ಹಫ್‌ಮನ್ ವಿಧಾನದಲ್ಲಿ (ಹೆಚ್ಚು ಬಾರಿ ಬರುವ ಬೈಟಿಗೆ ಚಿಕ್ಕ ಸಂಕೇತ ಕೊಡುವ ವಿಧಾನ) ಸಿ ಭಾಷೆಯ ಪ್ರೋಗ್ರಾಂ ಬರೆದಿದ್ದೇನೆ. ಒಂದು ಕ್ಯಾರ್ (ಒಂದು ಬೈಟ್ ಗಾತ್ರದ) ಚರದಲ್ಲಿ ಗೆಟ್‌ಸಿ ಮೂಲಕ ಒಂದೊಂದೇ ಬೈಟ್ ಓದಿ, ಇಒಎಫ್ (ಫೈಲು ಮುಗಿಯಿತೆಂಬ ಸೂಚನೆ) ಬರುವವರೆಗೆ 256 ಮನೆಗಳ ಅರ್ರೇಯಲ್ಲಿ ಎಣಿಸುತ್ತೇನೆ. ಕುಗ್ಗಿಸಿದ ಫೈಲಿನ ಆರಂಭದಲ್ಲಿ 4 ಅಕ್ಷರಗಳ ಗುರುತು ಮತ್ತು ಮೂಲ ಗಾತ್ರಕ್ಕೆಂದು ಒಂದು ಲಾಂಗ್ (ದೊಡ್ಡ ಪೂರ್ಣಾಂಕ) ಇರುವ ಸ್ಟ್ರಕ್ಟನ್ನು (ಹಲವು ಚರಗಳ ಗುಂಪನ್ನು) ಎಫ್‌ರೈಟ್ ಮೂಲಕ ನೇರವಾಗಿ ಬರೆಯುತ್ತೇನೆ.

ನನ್ನ ಲಿನಕ್ಸ್ ಲ್ಯಾಪ್‌ಟಾಪಿನಲ್ಲಿ ಚಿಕ್ಕ ಇಂಗ್ಲಿಷ್ ಫೈಲು ಸರಿಯಾಗಿ ಕುಗ್ಗಿ ಬಿಡಿಸಿಕೊಳ್ಳುತ್ತದೆ. ಕನ್ನಡ ಫೈಲು ಕೊಟ್ಟರೆ ಪ್ರೋಗ್ರಾಂ ನಡುವೆಯೇ ನಿಂತುಹೋಗುತ್ತದೆ. ಮಾವನ ವಿಂಡೋಸ್ ಕಂಪ್ಯೂಟರಿನಲ್ಲಿ ಇಂಗ್ಲಿಷ್ ಫೈಲು ಕೂಡ ಅರ್ಧಕ್ಕೆ ಮುಗಿಯುತ್ತದೆ. 32 ಬಿಟ್ ವ್ಯವಸ್ಥೆ ಇರುವ ರಾಸ್ಪ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರಿನ ಮೇಲಂತೂ ಎಣಿಕೆ ಮುಗಿಯುವುದೇ ಇಲ್ಲ. ಮೂರೂ ಕಡೆ ಕಂಪೈಲ್ ಮಾಡುವಾಗ ಒಂದೂ ದೋಷ ಬರಲಿಲ್ಲ. ಕಂಪೈಲರಿಗೆ ಯಾವ ಆಯ್ಕೆ ಕೊಟ್ಟರೆ ಇದು ಸರಿಹೋಗುತ್ತದೆ?

ಉತ್ತರ 1: ಉಪನ್ಯಾಸಕ, ತುಮಕೂರು

ಯಾವ ಆಯ್ಕೆಯಿಂದಲೂ ಇದು ಸರಿಹೋಗುವುದಿಲ್ಲ. ಸಿ ಭಾಷೆ ಆಯಾ ಯಂತ್ರಕ್ಕೆ ಬಿಟ್ಟುಕೊಟ್ಟಿರುವ ಕೆಲವು ವಿಷಯಗಳ ಮೇಲೆ ನಿಮ್ಮ ಪ್ರೋಗ್ರಾಂ ನಿಂತಿದೆ.

ಮೊದಲನೆಯದು ಕ್ಯಾರ್. ಯುನಿಕೋಡ್ ಅಕ್ಷರಗಳನ್ನು ಬೈಟುಗಳಾಗಿ ಬರೆಯುವ ಯುಟಿಎಫ್-8ರಲ್ಲಿ ಕನ್ನಡದ ಪ್ರತಿ ಅಕ್ಷರಚಿಹ್ನೆಗೂ 3 ಬೈಟ್ ಬೇಕು. ಮೊದಲನೆಯದು 224, ಎರಡನೆಯದು 178 ಅಥವಾ 179. ನಿಮ್ಮ ಲ್ಯಾಪ್‌ಟಾಪಿನಲ್ಲಿ ಕ್ಯಾರ್ ಋಣಸಂಖ್ಯೆಗಳನ್ನೂ ಹಿಡಿಯುವುದರಿಂದ 224 ಎಂಬುದು -32 ಆಗಿ, ಎಣಿಕೆಯು ಅರ್ರೇಯ ಹೊರಗಿನ ಮೆಮೊರಿಯ ಮೇಲೆ ಬೀಳುತ್ತದೆ. ಇಂಗ್ಲಿಷ್ ಅಕ್ಷರಗಳೆಲ್ಲ 128ಕ್ಕಿಂತ ಕೆಳಗಿರುವ ಕಾರಣ ಈ ತಪ್ಪು ಅಲ್ಲಿ ಕಾಣಿಸಲೇ ಇಲ್ಲ. ಕನ್ನಡದ ಫೈಲನ್ನೇ ಮೊದಲ ಪರೀಕ್ಷೆಗೆ ಇಟ್ಟುಕೊಳ್ಳಬೇಕೆಂದು ನಾನು ತರಗತಿಯಲ್ಲಿ ಒತ್ತಾಯಿಸುವುದು ಇದಕ್ಕಾಗಿಯೇ. ರಾಸ್ಪ್‌ಬೆರಿ ಪೈ ಮೇಲಿನ ಲಿನಕ್ಸಿನಲ್ಲಿ ಕ್ಯಾರ್ 0ಯಿಂದ 255ರವರೆಗೆ ಮಾತ್ರ ಇರುತ್ತದೆ. ಇಒಎಫ್‌ನ ಬೆಲೆ -1 ಆದ್ದರಿಂದ ಆ ಚರ ಅದಕ್ಕೆ ಎಂದೂ ಸಮನಾಗದು, ಲೂಪ್ ನಿಲ್ಲದು. ಜಿಸಿಸಿ ಕಂಪೈಲರಿನಲ್ಲಿ ಕ್ಯಾರನ್ನು ಅನ್‌ಸೈನ್ಡ್ (ಋಣಸಂಖ್ಯೆಯಿಲ್ಲದ್ದು) ಮಾಡುವ ಆಯ್ಕೆಯಿದೆ, ಆದರೆ ಅದನ್ನು ಬಳಸಿದರೆ ಎಣಿಕೆ ಸರಿಯಾಗಿ, ಲೂಪ್ ಎಲ್ಲ ಕಡೆಯೂ ನಿಲ್ಲದಂತಾಗುತ್ತದೆ. ಗೆಟ್‌ಸಿ ಕೊಡುವುದನ್ನು ಇಂಟ್ (ಪೂರ್ಣಾಂಕ) ಚರದಲ್ಲಿ ಹಿಡಿಯಿರಿ, ಎರಡೂ ತೊಂದರೆ ಒಟ್ಟಿಗೆ ತೀರುತ್ತವೆ.

ವಿಂಡೋಸಿನ ತೊಂದರೆ ಬೇರೆ. ಅಲ್ಲಿ ಫೈಲನ್ನು ಪಠ್ಯವೆಂದು ತೆರೆದರೆ, ಬರೆಯುವಾಗ 10 ಎಂಬ ಪ್ರತಿ ಬೈಟಿಗೆ ಮೊದಲು 13 ಸೇರಿಕೊಳ್ಳುತ್ತದೆ. ಓದುವಾಗ 26 ಎಂಬ ಬೈಟ್ ಸಿಕ್ಕರೆ ಫೈಲು ಮುಗಿಯಿತೆಂದೇ ಭಾವಿಸಲಾಗುತ್ತದೆ. ಕುಗ್ಗಿಸಿದ ಫೈಲಿನಲ್ಲಿ ಯಾವ ಬೈಟಾದರೂ ಬರಬಹುದು. ಆದ್ದರಿಂದ ಫೈಲು ತೆರೆಯುವ ಎಫ್‌ಓಪನ್‌ಗೆ ‘ಆರ್‌ಬಿ’, ‘ಡಬ್ಲ್ಯೂಬಿ’ ಎಂದು ಬಿ ಸೇರಿಸಿಯೇ ಕೊಡಿ. ಲಿನಕ್ಸಿನಲ್ಲಿ ಅದರಿಂದ ಹಾನಿಯಿಲ್ಲ.

ನೀವು ಇನ್ನೂ ಗಮನಿಸದ ತಪ್ಪು ಆ ಸ್ಟ್ರಕ್ಟ್. 64 ಬಿಟ್ ಲಿನಕ್ಸಿನಲ್ಲಿ ಲಾಂಗ್ 8 ಬೈಟ್, ವಿಂಡೋಸಿನಲ್ಲಿ 64 ಬಿಟ್ ಇದ್ದರೂ 4 ಬೈಟ್. ಲಿನಕ್ಸ್ ಕಂಪೈಲರ್ ನಡುವೆ 4 ಖಾಲಿ ಬೈಟುಗಳನ್ನೂ ತುಂಬುವುದರಿಂದ ಅಲ್ಲಿ ಸ್ಟ್ರಕ್ಟಿನ ಗಾತ್ರ 16 ಆಗುತ್ತದೆ, ವಿಂಡೋಸಿನಲ್ಲಿ 8. ಒಂದು ಕಡೆ ಕುಗ್ಗಿಸಿದ್ದನ್ನು ಇನ್ನೊಂದು ಕಡೆ ಬಿಡಿಸಲು ಹೋದಾಗ ಇದು ಕೈಕೊಡುತ್ತದೆ. ಗಾತ್ರವನ್ನು ನಿಖರವಾಗಿ 64 ಬಿಟ್ ಇರುವ ಚರದಲ್ಲಿ ಇಟ್ಟು, ಬಿಟ್‌ಗಳನ್ನು ಸರಿಸುತ್ತಾ (ಶಿಫ್ಟ್ ಮಾಡುತ್ತಾ) ಕಿರಿಯ ಬೈಟಿನಿಂದ ಹಿರಿಯ ಬೈಟಿನವರೆಗೆ 8 ಬೈಟುಗಳನ್ನು ನೀವೇ ಬರೆಯಿರಿ. ಫೈಲಿನ ರೂಪವನ್ನು ನಿರ್ಧರಿಸುವವರು ನೀವಾಗಬೇಕು, ಕಂಪೈಲರ್ ಅಲ್ಲ.

ಪ್ರಶ್ನೆ ಕೇಳಿದವರು

ಧನ್ಯವಾದ ಸರ್. ಹೇಳಿದ್ದೆಲ್ಲವನ್ನೂ ಮಾಡಿದೆ; ಮೂರು ಯಂತ್ರಗಳಲ್ಲೂ ಕುಗ್ಗಿಸಿದ ಫೈಲುಗಳು ಬೈಟಿಗೆ ಬೈಟ್ ಒಂದೇ ಆಗಿವೆ. ಬಳಿಕ ಹೆಡರಿನಲ್ಲಿ, ಅಂದರೆ ಕುಗ್ಗಿಸಿದ ಫೈಲಿನ ಆರಂಭದ ಭಾಗದಲ್ಲಿ, ಫೈಲಿನ ಹೆಸರನ್ನೂ ಸೇರಿಸಿದೆ. ಗೆಳೆಯನೊಬ್ಬ ಮ್ಯಾಕ್‌ನಲ್ಲಿ, ಎಚ್‌ಎಫ್‌ಎಸ್ ಪ್ಲಸ್ (ಮ್ಯಾಕ್‌ನ ಹಳೆಯ ಫೈಲ್ ವ್ಯವಸ್ಥೆ) ಇರುವ ಹಳೆಯ ಹಾರ್ಡ್‌ಡಿಸ್ಕಿನಿಂದ ಕುಗ್ಗಿಸಿ ಕಳಿಸಿದ್ದನ್ನು ಲಿನಕ್ಸಿನಲ್ಲಿ ಬಿಡಿಸಿದರೆ ಶಿಡ್ಲಘಟ್ಟ, ಚಿಂತಾಮಣಿ ಸರಿಯಾಗಿ ಸಿಗುತ್ತವೆ. ಕೋಲಾರ ಎಂಬ ಹೆಸರಿನ ಫೈಲುಗಳು ಮಾತ್ರ ಎರಡೆರಡು ಕಾಣಿಸುತ್ತವೆ.

ಉತ್ತರ 2: ಸಾಫ್ಟ್‌ವೇರ್ ಉದ್ಯೋಗಿ, ಕೋಲಾರ

ನಮ್ಮ ಊರಿನ ಹೆಸರಿನಲ್ಲಿರುವ ‘ಕೋ’ ಇದಕ್ಕೆ ಕಾರಣ. ಆ ಓಕಾರದ ಚಿಹ್ನೆಯನ್ನು ಯುನಿಕೋಡಿನಲ್ಲಿ ಒಂದೇ ಸಂಕೇತವಾಗಿಯೂ ಬರೆಯಬಹುದು, ಎತ್ವ, ಊತ್ವದ ಕೊಂಬು ಮತ್ತು ದೀರ್ಘ ಎಂದು ಮೂರಾಗಿ ಬಿಡಿಸಿಯೂ ಬರೆಯಬಹುದು. ಎಚ್‌ಎಫ್‌ಎಸ್ ಪ್ಲಸ್ ಹೆಸರುಗಳನ್ನು ಬಿಡಿಸಿದ ರೂಪದಲ್ಲಿಯೇ ಇಡುತ್ತದೆ. ಹಾಗಾಗಿ ಕೋಲಾರ ಎಂಬ ಹೆಸರು ನಿಮ್ಮ ಲ್ಯಾಪ್‌ಟಾಪಿನಲ್ಲಿ 15 ಬೈಟ್, ಆ ಡಿಸ್ಕಿನಲ್ಲಿ 21 ಬೈಟ್. ಲಿನಕ್ಸ್ ಬೈಟುಗಳನ್ನಷ್ಟೇ ಹೋಲಿಸುವುದರಿಂದ ಅದರ ಲೆಕ್ಕದಲ್ಲಿ ಇವು ಎರಡು ಬೇರೆ ಫೈಲುಗಳು. ಶಿಡ್ಲಘಟ್ಟ, ಚಿಂತಾಮಣಿ ಹೆಸರುಗಳಲ್ಲಿ ಹಾಗೆ ಒಡೆಯುವ ಚಿಹ್ನೆಗಳಿಲ್ಲ. ಹೆಡರಿಗೆ ಬರೆಯುವ ಮೊದಲು ಹೆಸರನ್ನು ಕೂಡಿಸಿದ ರೂಪಕ್ಕೆ, ಅಂದರೆ ಎನ್‌ಎಫ್‌ಸಿಗೆ ತನ್ನಿರಿ. ವಿಂಡೋಸಿನಲ್ಲಿ ಕನ್ನಡ ಹೆಸರಿನ ಫೈಲು ತೆರೆಯಲು ಯುಟಿಎಫ್-16 ಹೆಸರು ಪಡೆಯುವ ಡಬ್ಲ್ಯೂಎಫ್‌ಓಪನ್ ಬಳಸಿ. ಎಫ್‌ಓಪನ್ ಹೆಸರುಗಳಿಗೆ ಬಳಸುವ ಹಳೆಯ ವಿಂಡೋಸ್ ಕೋಡ್‌ಪೇಜುಗಳಲ್ಲಿ (ಬೈಟಿಗೆ ಅಕ್ಷರ ಹೊಂದಿಸುವ ಪಟ್ಟಿಗಳಲ್ಲಿ) ಕನ್ನಡದ್ದು ಇಲ್ಲ.

ಉತ್ತರ 3: ಉಪನ್ಯಾಸಕ, ತುಮಕೂರು

ಇನ್ನೊಂದು ಮಾತನ್ನು ಹೇಳಲೇಬೇಕು. ಕಲಿಯಲು ನಿಮ್ಮ ಪ್ರೋಗ್ರಾಂ ಬಹಳ ಒಳ್ಳೆಯದು, ಆದರೆ ಮಾವನ ವರ್ಷಗಳ ಲೆಕ್ಕವನ್ನು ಅದೊಂದರ ಮೇಲೆಯೇ ಬಿಡಬೇಡಿ. 1992ರಲ್ಲಿ ಬಂದ, ಫೈಲು ಕುಗ್ಗಿಸುವ ಜಿಜಿಪ್ ಪ್ರೋಗ್ರಾಂನ ಫೈಲ್ ರೂಪವನ್ನು 1996ರಲ್ಲಿ ಆರ್‌ಎಫ್‌ಸಿ 1952 ಎಂಬ ಸಂಖ್ಯೆಯ ದಾಖಲೆಯಲ್ಲಿ ಬೈಟ್‌ಗಳ ಕ್ರಮದೊಂದಿಗೆ ಬರೆದಿಟ್ಟಿದ್ದಾರೆ. ಅದರ ಕೊನೆಯಲ್ಲಿ ಮೂಲ ದತ್ತಾಂಶದ ತಾಳೆಗಾಗಿ 4 ಬೈಟಿನ ಸಿಆರ್‌ಸಿ (ದತ್ತಾಂಶದಿಂದ ಲೆಕ್ಕ ಹಾಕಿದ ತಾಳೆಸಂಖ್ಯೆ), ಗಾತ್ರಕ್ಕಾಗಿ 4 ಬೈಟ್ ಇರುತ್ತವೆ. ನಿಮ್ಮ ರೂಪದಲ್ಲಿ ತಾಳೆ ನೋಡುವ ವ್ಯವಸ್ಥೆಯೇ ಇಲ್ಲ. ಒಂದು ಬೈಟ್ ಕೆಟ್ಟರೂ ತಪ್ಪು ದರವನ್ನೇ ಸರಿಯೆಂದು ತೋರಿಸಬಹುದು.

ಪ್ರಶ್ನೆ ಕೇಳಿದವರು

ಎನ್‌ಎಫ್‌ಸಿಗೆ ತಂದ ಮೇಲೆ ಕೋಲಾರದ ಫೈಲು ಒಂದೇ ಆಯಿತು. ಮಾವನ ಮೂಲ ಫೈಲುಗಳನ್ನು ಜಿಜಿಪ್‌ನಲ್ಲಿಯೂ ಇಟ್ಟಿದ್ದೇನೆ. ಈ ವಾರ ಸಿಆರ್‌ಸಿ ಸೇರಿಸಿ, ಬೇಕೆಂದೇ ಒಂದು ಬೈಟ್ ಕೆಡಿಸಿ ಪರೀಕ್ಷಿಸುತ್ತೇನೆ.