ಟೆರ್ವಾರ್ ಪದಕ್ಕೆ ‘ಮಣ್ಣಿನ ಗುಣ’ ಸಾಕೇ?

ಗೆಳೆಯರೇ,

ಮೈಸೂರಿನ ಹೋಟೆಲೊಂದರ ವೈನ್ ಪಟ್ಟಿಗೆ ಕನ್ನಡದಲ್ಲಿ ವಿವರಣೆ ಬರೆಯುತ್ತಿದ್ದೇನೆ. ಡ್ರೈ ರೀಸ್ಲಿಂಗ್ ಹತ್ತಿರ ಬಂದು ಕೈ ನಿಂತಿದೆ. ರೀಸ್ಲಿಂಗ್ ಅಂದರೆ ಒಂದು ಬಿಳಿ ದ್ರಾಕ್ಷಿ ತಳಿ, ಅದರ ವೈನ್‌ಗೂ ಅದೇ ಹೆಸರು. ‘ಡ್ರೈ’ಗೆ ದಯವಿಟ್ಟು ‘ಒಣ’ ಅನ್ನಬೇಡಿ, ‘ಸಿಹಿಯಿಲ್ಲದ’ ಸಾಕು. ಸಕ್ಕರೆ ಹುದುಗಿ ಆಲ್ಕೋಹಾಲ್ ಆಗಿದೆ, ಅಷ್ಟೇ. ಪೂರ್ತಿ ಹೋಗಿರಬೇಕು ಅಂತಲೂ ಇಲ್ಲ. ಜರ್ಮನಿಯಲ್ಲಿ ಲೀಟರಿಗೆ 4 ಗ್ರಾಂ ಉಳಿಯಬಹುದು, ಹುಳಿ ಸಾಕಷ್ಟಿದ್ದರೆ 9 ಗ್ರಾಂವರೆಗೂ ನಡೆಯುತ್ತದೆ. ತೊಡಕಿರುವುದು ಫ್ರೆಂಚರ ‘ಟೆರ್ವಾರ್’ನಲ್ಲಿ, ಅಂದರೆ ದ್ರಾಕ್ಷಿ ಬೆಳೆದ ಜಾಗದ ಮಣ್ಣು, ಹವೆ, ಇಳಿಜಾರು ಎಲ್ಲ ಸೇರಿ ವೈನ್‌ಗೆ ಕೊಡುವ ಗುಣ.

ಸಾಮಾನ್ಯವಾಗಿ ಅದನ್ನು ‘ಮಣ್ಣಿನ ಗುಣ’ ಎಂದು ಮುಗಿಸುತ್ತಾರೆ. ನಂಜನಗೂಡು ರಸಬಾಳೆಯನ್ನು ಬೇರೆ ಕಡೆ ನೆಟ್ಟರೆ ಆ ರುಚಿ ಬರಲ್ಲ, ಮಣ್ಣಿನ ಗುಣ ಅಂತ ನಮ್ಮ ಕಡೆ ಹೇಳುತ್ತಾರಲ್ಲ, ಅದೇ ಅರ್ಥದಲ್ಲಿ. ರೀಸ್ಲಿಂಗ್ ವಿಷಯದಲ್ಲಿ ಇದು ಅರ್ಧ ಮಾತು ಅಂತ ನನಗನ್ನಿಸುತ್ತದೆ. ಜರ್ಮನಿಯ ಮೋಸೆಲ್ ನದಿಯ ದಡ ನೋಡಿ. ಎಷ್ಟೋ ತೋಟಗಳಲ್ಲಿ ಮಣ್ಣಿಗಿಂತ ಸ್ಲೇಟು ಕಲ್ಲಿನ ಚೂರೇ ಜಾಸ್ತಿ, ಬಳಪ ಹಿಡಿದು ಬರೆಯುತ್ತಿದ್ದೆವಲ್ಲ, ಅದೇ ಜಾತಿಯ ಕಲ್ಲು. ಹಗಲು ಕಾಯುತ್ತದೆ, ರಾತ್ರಿ ಆ ಕಾವನ್ನು ಬಿಡುತ್ತದೆ, ಮಳೆನೀರನ್ನು ನಿಲ್ಲಗೊಡುವುದಿಲ್ಲ. ಇಳಿಜಾರೂ ಹಾಗೇ, ಬ್ರೆಮ್ ಊರಿನ ಕಾಲ್ಮಾಂಟ್ ತೋಟದಲ್ಲಿ ಕೆಲವು ಕಡೆ 65 ಡಿಗ್ರಿ ಹತ್ತಿರ! ಸುಮಾರು 50ನೇ ಅಕ್ಷಾಂಶದ ಚಳಿಯಲ್ಲಿ, ತಡವಾಗಿ ಹಣ್ಣಾಗುವ ಈ ತಳಿ ಮಾಗುವುದು ಕಲ್ಲು, ಇಳಿಜಾರು, ಬಿಸಿಲು ಎಲ್ಲ ಸೇರಿದಾಗ. ಇದರಲ್ಲಿ ಮಣ್ಣಿನ ಪಾಲು ಎಷ್ಟು ಅಂತ ಬಿಡಿಸಿ ಹೇಳುವುದು ಹೇಗೆ? ಕಲ್ಲಿನ ರುಚಿ ಬೇರಿನಿಂದ ಏರಿ ಹಣ್ಣಿಗೆ ಬರುತ್ತದೆ ಅನ್ನುವುದು ಸುಮ್ನೆ ಮಾತು.

ಹುಳಿಯದಂತೂ ಹೆಚ್ಚಾಗಿ ಹವೆಯ ಲೆಕ್ಕ. ದ್ರಾಕ್ಷಿಯಲ್ಲಿ ಮುಖ್ಯವಾಗಿ ಎರಡು ಹುಳಿ, ಸೇಬಿನಲ್ಲಿರುವ ಮ್ಯಾಲಿಕ್ ಮತ್ತು ನಮ್ಮ ಹುಣಸೆಹಣ್ಣಿನಲ್ಲಿರುವ ಟಾರ್ಟಾರಿಕ್. ಸೆಕೆಯಾದರೆ ಹಣ್ಣು ಮ್ಯಾಲಿಕ್ ಹುಳಿಯನ್ನು ಉಸಿರಾಟಕ್ಕೇ ಖರ್ಚು ಮಾಡಿಬಿಡುತ್ತದೆ, ಟಾರ್ಟಾರಿಕ್ ಅಷ್ಟಾಗಿ ಕದಲುವುದಿಲ್ಲ. ಆಸ್ಟ್ರೇಲಿಯಾದ ಕ್ಲೇರ್ ಕಣಿವೆಯಲ್ಲಿ ಹಗಲು ಒಳ್ಳೆ ಬಿಸಿಲು, ಆದರೂ ರಾತ್ರಿ ತಣಿಯುವುದರಿಂದ ಅಲ್ಲಿನ ರೀಸ್ಲಿಂಗ್‌ನ ಹುಳಿ ಚುರುಕಾಗಿಯೇ ಉಳಿಯುತ್ತದೆ. ಸಿಹಿಯ ಮರೆ ಇಲ್ಲದಿರುವುದರಿಂದ ಅದು ನಾಲಿಗೆಗೆ ನೇರವಾಗಿ ತಾಕುತ್ತದೆ.

ಹಾಗಾಗಿ ನನಗೆ ಹೊಳೆದದ್ದು ‘ಸೀಮೆಗುಣ’. ಬಯಲುಸೀಮೆ ಅಂದಕೂಡಲೇ ಮಣ್ಣು, ಮಳೆ, ಬಿಸಿಲು ಒಟ್ಟಿಗೇ ಕಣ್ಣಿಗೆ ಬರುತ್ತವೆ ಅಲ್ವಾ? ಒಂದೇ ಅನುಮಾನ, ಸೀಮೆಹಸು, ಸೀಮೆಸುಣ್ಣ, ಸೀಮೆಎಣ್ಣೆಯಲ್ಲಿ ‘ಸೀಮೆ’ ಅಂದರೆ ಹೊರದೇಶದ್ದು. ತಮಾಷೆ ಅಂದರೆ ವರ್ಷಗಟ್ಟಲೆ ಇಟ್ಟ ರೀಸ್ಲಿಂಗ್‌ಗೆ ಸೀಮೆಎಣ್ಣೆಯಂಥದ್ದೇ ವಾಸನೆ ಬರುವುದುಂಟು, ಬಿಸಿಲು ಚೆನ್ನಾಗಿ ತಿಂದ ಹಣ್ಣಿನದಾದರೆ ಇನ್ನೂ ಜಾಸ್ತಿ. ‘ನೆಲಗುಣ’ ಬೇಡ, ಅದು ಮತ್ತೆ ಮಣ್ಣಿಗೇ ಹೋಗಿ ನಿಲ್ಲುತ್ತದೆ.

ಮಂಡ್ಯ ಕಡೆ ಬೇಸಾಯದ ಮನೆಯವರು ಯಾರಾದರೂ ಇದ್ದರೆ ಹೇಳಿ. ಒಂದೇ ತಳಿಯ ಕಬ್ಬು ಒಂದೂರಿನಲ್ಲಿ ಸಿಹಿ ಹೆಚ್ಚು, ಪಕ್ಕದೂರಿನಲ್ಲಿ ಕಮ್ಮಿ ಅಂದಾಗ ಮಣ್ಣು, ನೀರು, ಹವೆ ಮೂರನ್ನೂ ಸೇರಿಸಿ ಹೇಳುವ ಒಂದು ಪದ ನಿಮ್ಮ ಮನೆಮಾತಿನಲ್ಲಿ ಇದೆಯೇ?